ಮೂರು ಸಲ ಕರೆ ಮಾಡಲಾಯಿತು

ನನ್ನ ಮೇಜು ಇದ್ದದ್ದು ಶಿಶುವಿಹಾರದ ಕೋಣೆಯಲ್ಲಿ. ಮಕ್ಕಳಿಲ್ಲವೆಂದು ನಾಲ್ಕು ವರ್ಷದ ಹಿಂದೆ ಮುಚ್ಚಿದ ಶಾಲೆ ಅದು. ಕಟ್ಟಡವನ್ನು ಕೊಳ್ಳುವವರು ಯಾರೂ ಬರಲಿಲ್ಲ. ಕಾರ್ಸನ್ ಬೇ ಸ್ಕೂಲ್ ಬೋರ್ಡು ಅದನ್ನು ತನ್ನ ಕಂಪ್ಯೂಟರ್ ವಿಭಾಗಕ್ಕೆ ಕೊಟ್ಟಿತು. ಕೋಟು ತೂಗುಹಾಕುವ ಕೊಕ್ಕೆಗಳು ನನ್ನ ಸೊಂಟದ ಎತ್ತರಕ್ಕಿದ್ದವು. ಒಂದೊಂದರ ಮೇಲೂ ಒಂದು ಮಗುವಿನ ಹೆಸರಿನ ಚೀಟಿ, ಅಂಟು ಒಣಗಿ ಅರ್ಧ ಎದ್ದಿತ್ತು. ಮೇ ತಿಂಗಳಲ್ಲಿ ಇಂಟರ್ನ್ ಆಗಿ ಸೇರಿದ ಮೊದಲ ದಿನ ನನ್ನ ಕೋಟನ್ನು ಮೇಸನ್ ಎಂಬುವನ ಕೊಕ್ಕೆಗೆ ಹಾಕಿದೆ. ಅದು ನೆಲಕ್ಕೆ ತಾಗಿತು. ಹದಿನಾರು ವಾರವೂ ಅಲ್ಲೇ ಹಾಕಿದೆ.

ಕೆಲಸ ಕಷ್ಟದ್ದಲ್ಲ. ಇಪ್ಪತ್ತೆರಡು ಶಾಲೆಗಳಲ್ಲಿ ಯಾರಿಗೆ ಏನು ಕೆಟ್ಟರೂ ಅವರು ಒಂದು ಅರ್ಜಿ ತುಂಬುತ್ತಾರೆ. ಅದಕ್ಕೆ ಟಿಕೆಟ್ ಎನ್ನುತ್ತೇವೆ. ಟಿಕೆಟ್ ನನ್ನ ಪರದೆಯ ಮೇಲೆ ಬರುತ್ತದೆ. ನಾನು ಫೋನ್ ಮಾಡಿ, ಅವರ ಕಂಪ್ಯೂಟರನ್ನು ಇಲ್ಲಿಂದಲೇ ಹಿಡಿದು, ಪಾಸ್‌ವರ್ಡ್ ಬದಲಾಯಿಸುತ್ತೇನೆ ಅಥವಾ ಪ್ರಿಂಟರನ್ನು ಎಬ್ಬಿಸುತ್ತೇನೆ. ಮೇ, ಜೂನ್‌ನಲ್ಲಿ ದಿನಕ್ಕೆ ನಲವತ್ತು ಜನರೊಡನೆ ಮಾತಾಡಿದೆ. ಒಬ್ಬರ ಮುಖವನ್ನೂ ನೋಡಲಿಲ್ಲ. ಅವರ ಮೌಸ್ ಬಾಣ ಹೇಗೆ ಓಡಾಡುತ್ತದೆಂದು ಮಾತ್ರ ಗೊತ್ತು. ಕೆಲವರದು ನಡುಗುತ್ತಿತ್ತು.

ಆ ಕಟ್ಟಡದಲ್ಲಿ ನನ್ನ ಜೊತೆ ಇದ್ದವರು ಡ್ವೇನ್ ಒಬ್ಬರೇ. ನನ್ನ ಮೇಲ್ವಿಚಾರಕರು, ಐವತ್ತರ ಆಸುಪಾಸು. ಹಳೆಯ ಹೆಡ್‌ಮಾಸ್ತರರ ಕೋಣೆಯಲ್ಲಿ ಕೂರುತ್ತಿದ್ದರು, ನನ್ನಿಂದ ಮೂವತ್ತು ಹೆಜ್ಜೆ. ಆದರೂ ಏನೇ ಇದ್ದರೂ ಬರೆದು ಕಳಿಸುತ್ತಿದ್ದರು. ಫೋನನ್ನಂತೂ ಎತ್ತುತ್ತಿರಲಿಲ್ಲ. "ಇಪ್ಪತ್ತು ವರ್ಷ ಎತ್ತಿದೀನಿ, ನನ್ನ ಪಾಲಿಂದು ಮುಗೀತು," ಎನ್ನುತ್ತಿದ್ದರು.

ಮೊದಲ ದಿನ ಅವರೇ ನನ್ನ ಕೋಣೆಗೆ ಬಂದು ಎರಡು ವಿಷಯ ಹೇಳಿಕೊಟ್ಟಿದ್ದರು. ಒಂದು, ಯಾರೂ ಇಲ್ಲದಾಗ ಕೇಳಿಸಬೇಕಾದ ಮಾತನ್ನು ನನ್ನ ದನಿಯಲ್ಲಿ ಫೋನಿನಲ್ಲಿ ತುಂಬಿಸುವುದು.

"ನಗ್ತಾ ಹೇಳು. ನಕ್ಕರೆ ದನೀಲಿ ಗೊತ್ತಾಗುತ್ತೆ."

ಎದುರಿಗೆ ಯಾರೂ ನಗದಿದ್ದರೂ ನಕ್ಕು ಹೇಳಿದೆ.

ಎರಡನೆಯದು ಮೂರು ಕರೆಯ ನಿಯಮ.

"ಟಿಕೆಟ್ ಬಂತಾ, ಫೋನ್ ಮಾಡು. ಎತ್ತಲಿಲ್ವಾ, ಮರುದಿನ ಮಾಡು. ಆಗ್ಲೂ ಎತ್ತಲಿಲ್ವಾ, ಮೂರನೇ ದಿನ ಮಾಡು. ಆಮೇಲೆ ಮುಚ್ಚಿ ಹಾಕು. ಬೇಕಿದ್ದೋರು ಮತ್ತೆ ಬರ್ತಾರೆ."

"ಬರದಿದ್ರೆ?"

"ಬರದಿದ್ರೆ ಸರಿಹೋಗಿದೆ ಅಂತ ಅರ್ಥ."

ನಾವು ಇಬ್ಬರು ಇಂಟರ್ನ್‌ಗಳು, ಕಾಯಂ ಕೆಲಸ ಒಂದು. ಇನ್ನೊಬ್ಬಳು ಗುರ್ಲೀನ್ ಧಾಲಿವಾಲ್. ಅವಳು ಇನ್ನೂರು ಕಿಲೋಮೀಟರ್ ಪಶ್ಚಿಮಕ್ಕೆ ಬೋರ್ಡಿನ ಇನ್ನೊಂದು ಕಚೇರಿಯಲ್ಲಿದ್ದಳು. ನನಗೆ ಅವಳೆಂದರೆ ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ "ಊಟ ಆಯ್ತಾ?" ಎಂದು ಬರೆಯುತ್ತಿದ್ದಳು. ನಾನು ಏನು ತಿಂದೆ ಎಂದು ಅವಳಿಗೆ ಯಾಕೆ ಬೇಕೋ ತಿಳಿಯುತ್ತಿರಲಿಲ್ಲ. "ಆಯ್ತು" ಎಂದು ಬರೆಯುತ್ತಿದ್ದೆ. ಕೆಲವು ದಿನ ನಾನು ಮಾತಿಗೆ ಹತ್ತಿರವಾದದ್ದು ಅದೊಂದೇ.

ಶುಕ್ರವಾರ ಮಧ್ಯಾಹ್ನ ಡ್ವೇನ್ ವಾರದ ಪಟ್ಟಿ ಕಳಿಸುತ್ತಿದ್ದರು. ಯಾರು ಎಷ್ಟು ಟಿಕೆಟ್ ಮುಚ್ಚಿದರು, ಮುಚ್ಚಿದ್ದರಲ್ಲಿ ಎಷ್ಟು ಮತ್ತೆ ತೆರೆದವು. ಎರಡನೆಯ ಸಾಲಿನಲ್ಲಿ ನನ್ನದು ಮೊದಲಿಂದಲೂ ಸೊನ್ನೆ. "ಹೆಡ್ ಆಫೀಸ್‌ನೋರು ನೋಡೋದು ಆ ಸೊನ್ನೇನ," ಎಂದಿದ್ದರು ಡ್ವೇನ್. ನಾನು ಅದನ್ನು ಕಾಪಾಡಿಕೊಂಡೆ. ಕಾಲೇಜಿಗೆ ಮುಂಚೆ ಮೂರು ವರ್ಷ ಹೆದ್ದಾರಿಯ ಮೋಟೆಲ್‌ನಲ್ಲಿ ಹಾಸಿಗೆ ಬಟ್ಟೆ ಬದಲಾಯಿಸುವ ಕೆಲಸ ಮಾಡಿದ್ದೆ. ಈ ಕೆಲಸ ಸಿಗದಿದ್ದರೆ ಮತ್ತೆ ಅದೇ. ಮೋಟೆಲ್‌ನವಳು ಜೂನ್‌ನಲ್ಲೇ ಅಂಗಡಿಯಲ್ಲಿ ಸಿಕ್ಕು, "ಸೆಪ್ಟೆಂಬರ್‌ಗೆ ನಿನ್ ಹೆಸರು ಹಾಕ್ಲೇನೇ?" ಎಂದು ಕೇಳಿದ್ದಳು. ಕುಹಕಕ್ಕಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಜುಲೈಯಲ್ಲಿ ಶಾಲೆಗಳು ಮುಚ್ಚಿದವು. ಫೋನು ನಿಂತಿತು. ತಿಂಗಳ ಕೊನೆಯ ಸೋಮವಾರ ಲೂನ್ ರಿವರ್ ಶಾಲೆಯಿಂದ ಟಿಕೆಟ್ ಬಂತು. ಕಾರ್ಸನ್ ಬೇಯಿಂದ ಪೂರ್ವಕ್ಕೆ ನೂರಹತ್ತು ಕಿಲೋಮೀಟರ್, ಸರೋವರದ ದಂಡೆಯ ಮೇಲೆ ಎರಡು ತರಗತಿಯ ಶಾಲೆ. ಬರೆದವರು ಓರ್ವಿಲ್ ಬೂಶೇ, ಕಟ್ಟಡ ನೋಡಿಕೊಳ್ಳುವವರು. "ಕಾರಿಡಾರಿನ ಫೋನ್ ಸತ್ತಿದೆ. ಬೇಸಿಗೆಯಲ್ಲಿ ಇಲ್ಲಿ ಇರುವುದು ಇದೊಂದೇ. ಮೊಬೈಲ್ ಸಿಗುವುದಿಲ್ಲ. ಯಾರನ್ನಾದರೂ ಕಳಿಸಿ."

ಕೆಳಗೆ ಸಂಪರ್ಕದ ನಂಬರ್ ಇತ್ತು. ಆ ನಂಬರಿಗೆ ಕರೆ ಮಾಡಿದೆ. ಎತ್ತಲಿಲ್ಲ. ಬರೆದುಕೊಂಡೆ. ಮಂಗಳವಾರ ಮಾಡಿದೆ. ಎತ್ತಲಿಲ್ಲ. ಬರೆದುಕೊಂಡೆ.

ಟಿಕೆಟನ್ನು ನಾನು ಸರಿಯಾಗಿ ಓದಿರಲಿಲ್ಲ ಎಂದು ಹೇಳಬಹುದು. ಸೋಮವಾರ, ಮಂಗಳವಾರದ ಮಟ್ಟಿಗೆ ಅದು ನಿಜ. ಬುಧವಾರ ನಂಬರ್ ಒತ್ತುತ್ತಿರುವಾಗ ಕಣ್ಣು ಮತ್ತೆ ಮೇಲಿನ ಸಾಲಿಗೆ ಹೋಯಿತು. ಫೋನ್ ಸತ್ತಿದೆ. ನಾನು ಕರೆ ಮಾಡುತ್ತಿದ್ದದ್ದು ಸತ್ತ ಫೋನಿಗೇ. ಅದು ಸತ್ತಿದ್ದರೂ ನಮ್ಮ ಕಡೆ ರಿಂಗ್ ಆದಂತೆಯೇ ಕೇಳಿಸುತ್ತದೆ.

ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ವ್ಯಾನ್ ತೆಗೆದುಕೊಂಡು ಅಲ್ಲಿಗೆ ಹೋಗಬೇಕು. ಇಡೀ ದಿನ ಒಂದೇ ಟಿಕೆಟ್‌ಗೆ. ಆ ವಾರ ಗುರ್ಲೀನ್ ನನಗಿಂತ ಎರಡು ಮುಂದಿದ್ದಳು. ಆರು ರಿಂಗ್ ಆಗುವವರೆಗೆ ಕಾದು ಕೆಳಗಿಟ್ಟೆ. "ಮೂರು ಸಲ ಕರೆ ಮಾಡಲಾಯಿತು. ಬಳಕೆದಾರರಿಂದ ಉತ್ತರವಿಲ್ಲ," ಎಂದು ಬರೆದು ಮುಚ್ಚಿದೆ. ಮುಚ್ಚಿದೊಡನೆ ಯಂತ್ರ ತಾನಾಗಿ ಅವರಿಗೊಂದು ಮೇಲ್ ಕಳಿಸುತ್ತದೆ: ನಿಮ್ಮ ಸಮಸ್ಯೆ ಬಗೆಹರಿದಿದೆ.

ಶುಕ್ರವಾರ ಬೆಳಿಗ್ಗೆ ಡ್ವೇನ್ ನನ್ನ ಕೋಣೆಗೆ ನಡೆದುಕೊಂಡು ಬಂದರು. ಮೇ ತಿಂಗಳ ನಂತರ ಅದೇ ಮೊದಲು. ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತರು. ಮೊಣಕಾಲು ಎದೆಗೆ ಬಂತು.

"ಲೂನ್ ರಿವರ್ ಟಿಕೆಟ್ ನಿಂದೇ ತಾನೆ?"

"ಹೌದು."

"ಆ ಮನುಷ್ಯ ನಿನ್ನೆ ಏಣಿಯಿಂದ ಬಿದ್ದಿದಾನೆ. ಟ್ಯೂಬ್‌ಲೈಟ್ ಬದಲಾಯಿಸೋಕೆ ಹತ್ತಿದ್ನಂತೆ. ಕಾಲು ಎರಡು ಕಡೆ ಮುರಿದಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಿದ್ದೋನು, ಸಂಜೆ ನಾಲ್ಕಕ್ಕೆ ಪ್ರಿಂಟರ್ ಪೇಪರ್ ತರೋನು ಬಂದು ನೋಡಿದಾನೆ."

ನಾನು ಪರದೆಯತ್ತ ತಿರುಗಿ ಆ ಟಿಕೆಟನ್ನು ಹುಡುಕತೊಡಗಿದೆ.

"ಗಾಬರಿಯಾಗ್ಬೇಡ. ನಾನು ಎಲ್ಲ ನೋಡ್ದೆ. ಮೂರು ದಿನ, ಮೂರು ಕರೆ, ಟೈಮ್ ಸಮೇತ ಇದೆ. ನಿಯಮದ ಪ್ರಕಾರ ನಿಂದು ಅಚ್ಚುಕಟ್ಟು."

"ಡ್ವೇನ್, ಆ ಫೋನೇ..."

"ಗೊತ್ತು," ಎಂದರು. ಬೇಗ ಹೇಳಿದರು. "ನನಗೂ ಓದೋಕೆ ಬರುತ್ತೆ. ಕೇಳು. ಫೋನ್ ಸರಿ ಮಾಡ್ಬೇಕು, ನೀನೇ ಹೋಗು. ಅವನು ಆಸ್ಪತ್ರೆಯಿಂದ ಬರ್ಲಿ, ಬಾಗಿಲ ಕೀಲಿ ಅವನ ಹತ್ರ ಇದೆ. ಆದ್ರೆ ಹೊಸ ಟಿಕೆಟ್ ಮಾಡ್ಕೊಂಡು ಹೋಗು. ಹಳೇದನ್ನ ಮುಟ್ಟಬೇಡ. ತೆರೆದ್ರೆ ಕಾರಣ ಬರೀಬೇಕು, ಬರೆದ್ರೆ ಅದು ಮೇಲೆ ಹೋಗುತ್ತೆ. ಕಾಯಂ ಕೆಲಸಕ್ಕೆ ನಿನ್ನ ಹೆಸರನ್ನ ನಾನು ಕಳ್ಸಿ ಆಗಿದೆ. ಆಗಸ್ಟ್ ಕೊನೇಲಿ ಪತ್ರ ಬರುತ್ತೆ. ಅರ್ಥ ಆಯ್ತಾ?"

"ಆಯ್ತು."

ಅವರು ಕುರ್ಚಿಯಿಂದ ಏಳಲು ಮೇಜು ಹಿಡಿದುಕೊಳ್ಳಬೇಕಾಯಿತು. ಯಾರೂ ನನ್ನನ್ನು ಬೈಯಲಿಲ್ಲ. ಮಧ್ಯಾಹ್ನ ಪಟ್ಟಿ ಬಂತು. ನಾನು ಗುರ್ಲೀನ್‌ಗಿಂತ ಒಂದು ಮುಂದಿದ್ದೆ. ಎರಡನೆಯ ಸಾಲಿನಲ್ಲಿ ಸೊನ್ನೆ. ಹನ್ನೆರಡಕ್ಕೇ ಅವಳು "ಊಟ ಆಯ್ತಾ?" ಎಂದು ಬರೆದಿದ್ದಳು. ಅಂದು ಉತ್ತರ ಕೊಡಲಿಲ್ಲ.

ಬಾಡಿಗೆಗಿದ್ದ ನೆಲಮಾಳಿಗೆಯ ಕೋಣೆಯಲ್ಲಿ ಆ ವಾರಾಂತ್ಯ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮಾತಾಡಲು ಇದ್ದದ್ದು ಒಂದೇ ವಿಷಯ. ಅದನ್ನು ಹೇಳಿಕೊಳ್ಳುವಷ್ಟು ಹತ್ತಿರದವರು ಆ ಊರಲ್ಲಿ ನನಗಿರಲಿಲ್ಲ. ಮೇಲಿನ ಮನೆಯೊಡತಿ ನಡೆದಾಡುವ ಸದ್ದನ್ನು ಲೆಕ್ಕ ಹಾಕಿದೆ.

ಆಗಸ್ಟ್ ಮೂರನೆಯ ವಾರ ಬೋರ್ಡಿನ ಬಿಳಿ ವ್ಯಾನ್‌ನಲ್ಲಿ ಹೊರಟೆ. ಬಲಕ್ಕೆ ಸರೋವರ, ಎಡಕ್ಕೆ ಬಂಡೆ. ನಲವತ್ತನೆಯ ಕಿಲೋಮೀಟರಿಗೆ ಮೊಬೈಲ್ ಸತ್ತಿತು, ಹಾಡೂ ನಿಂತಿತು.

ಶಾಲೆಯ ಮೆಟ್ಟಿಲ ಮೇಲೆ ಒಬ್ಬ ಮುದುಕರು ಕೂತಿದ್ದರು. ಕಂಕುಳ ಕೋಲು ಎರಡು ಪಕ್ಕದಲ್ಲಿ, ಎಡಗಾಲಿಗೆ ಮೊಣಕಾಲವರೆಗೆ ಪ್ಲಾಸ್ಟರ್. ಅದರ ಮೇಲೆ ಯಾರೋ ಮಕ್ಕಳು ಪೆನ್ನಿನಿಂದ ಮೀನು ಬರೆದಿದ್ದರು.

"ಫೋನ್ ಹುಡುಗಿ ನೀನೇನಾ?" ಎಂದು ಕೂಗಿದರು. "ಮೂರು ವಾರ ತಡ. ಪರವಾಗಿಲ್ಲ ಬಾ, ನಾನೇನೂ ಎಲ್ಲಿಗೂ ಓಡಿ ಹೋಗಿಲ್ಲ."

"ನೀವು ರಜೆ ಮೇಲಿದೀರಲ್ವಾ?"

"ರಜೇನೇ. ಮನೆ ಆ ರಸ್ತೆ ದಾಟಿದ್ರೆ ಬಂತು. ಕೀಲಿ ಕೊಡು ಅಂದ್ರು, ಕೊಡಲ್ಲ ಅಂದೆ. ಇಪ್ಪತ್ತಾರು ವರ್ಷ ನಾನೇ ತೆಗೆದಿದೀನಿ ಈ ಬಾಗಿಲು."

ಒಳಗೆ ನೆಲಕ್ಕೆ ಹಚ್ಚಿದ ಮೇಣದ ವಾಸನೆ. ಫೋನ್ ಕಾರಿಡಾರಿನ ಒಂದು ತುದಿಯ ಗೋಡೆಯಲ್ಲಿತ್ತು. ಸರಿಯಾಗಲು ಐದು ನಿಮಿಷ ಹಿಡಿಯಿತು. ನೆಲಕ್ಕೆ ಮೇಣ ಹಚ್ಚಲು ಬಂದವರು ತಂತಿಗಳ ಪೆಟ್ಟಿಗೆಯನ್ನು ಸರಿಸಿದ್ದರು. ಒಂದು ತಂತಿ ಅರ್ಧ ಹೊರಗೆ ಬಂದಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಟಕ್ ಎಂದಿತು. ಫೋನಿನ ದೀಪ ಹತ್ತಿತು.

"ಅಷ್ಟೇನಾ?" ಎಂದರು ಓರ್ವಿಲ್.

"ಅಷ್ಟೇ."

"ಥೂ ಇದರ. ಹೇಳಿದ್ರೆ ನಾನೇ ಒತ್ತುತ್ತಿದ್ನಲ್ಲೇ." ಅವರು ಗೋಡೆಗೆ ಒರಗಿ ನಿಂತರು. ಕಾರಿಡಾರಿನ ನಡುವೆ ಕೋಲಿನಿಂದ ತೋರಿಸಿದರು. "ಬಿದ್ದದ್ದು ಅಲ್ಲಿ. ನೋಡು, ಹೊರಬಾಗಿಲು ಆ ಕಡೆ. ತೆವಳಿಕೊಂಡು ಹೋಗಿ ಬಾಗಿಲು ತಳ್ಳಿ ಕೂಗಿದ್ರೆ ದೋಣಿ ಹತ್ರ ಇರೋರು ಯಾರಾದ್ರೂ ಬರ್ತಿದ್ರು. ಮೊದಲು ಹಂಗೇ ಅಂದ್ಕೊಂಡೆ."

"ಮತ್ತೆ?"

"ಮತ್ತೆ ನೆನಪಾಯ್ತು. ಅವತ್ತೇ ಬೆಳಿಗ್ಗೆ ಆಫೀಸ್ ಕಂಪ್ಯೂಟರ್‌ನಲ್ಲಿ ನಿಮ್ಮ ಮೇಲ್ ನೋಡಿದ್ದೆ. ಸಮಸ್ಯೆ ಬಗೆಹರಿದಿದೆ ಅಂತ. ಹಾಗಾದ್ರೆ ಫೋನ್ ಸರಿಯಾಗಿದೆ, ಈ ಕಡೇನೇ ಹತ್ರ ಅಂತ ಇತ್ತ ತಿರುಗಿದೆ. ಬರೋಕೆ ಒಂದು ಗಂಟೆ ಆಯ್ತು. ವೈರ್ ಹಿಡಿದು ಎಳೆದೆ, ರಿಸೀವರ್ ತಲೆ ಮೇಲೆ ಬಿತ್ತು." ಅವರು ನಕ್ಕರು. "ಹಲೋ ಅಂದೆ. ಉಸಿರಿಲ್ಲ. ಆಮೇಲೆ ವಾಪಸ್ ಹೋಗೋ ಶಕ್ತಿ ಇರ್ಲಿಲ್ಲ. ಇಲ್ಲೇ ಬಿದ್ಕೊಂಡೆ. ಮುಚ್ಚಳ ತೆಗೆದಿದ್ದ ಮೇಣದ ಡಬ್ಬಾನ ನಾಲ್ಕು ಗಂಟೆ ತನಕ ನೋಡ್ತಾ ಇದ್ದೆ. ಆ ಕಂಪನಿ ಹೆಸರು ಈಗ ಕೇಳಿದ್ರೂ ಹೇಳ್ತೀನಿ."

ಹೇಳದೆ ಇರಬಹುದಿತ್ತು. ಅವರಿಗೆ ನನ್ನ ಹೆಸರು ಕೂಡ ಗೊತ್ತಿರಲಿಲ್ಲ.

"ಆ ಮೇಲ್ ನನ್ನಿಂದ ಬಂದದ್ದು," ಎಂದೆ.

"ನೀನು ಕಳ್ಸಿದ್ದಾ?"

"ನಾನು ಟಿಕೆಟ್ ಮುಚ್ಚಿದೆ. ಮುಚ್ಚಿದ್ರೆ ಅದೇ ಹೋಗುತ್ತೆ. ಮೂರು ಸಲ ಕರೆ ಮಾಡಿದ್ರೂ ಎತ್ತದಿದ್ರೆ ಮುಚ್ಚಬೇಕು ಅಂತ ನಿಯಮ."

"ಮಾಡಿದ್ಯಾ ಮೂರು ಸಲ?"

"ಮಾಡಿದೆ."

"ಯಾವ ಫೋನಿಗೆ?"

"ಇದಕ್ಕೇ."

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಗೋಡೆ ಹಿಡಿದುಕೊಂಡು ನಕ್ಕರು, ಕೋಲು ಕೆಳಗೆ ಬಿತ್ತು, ಕಣ್ಣೀರು ಬಂತು. "ಸತ್ತೋನ ಮನೆಗೆ ಹೋಗಿ ಬಾಗಿಲು ಬಡಿದ್ಲಂತೆ," ಎಂದರು, "ತೆಗೀಲಿಲ್ಲ ಅಂತ ಆರಾಮಾಗಿದಾನೆ ಅಂದ್ಲಂತೆ!" ನಾನು ಕೋಲು ಎತ್ತಿಕೊಟ್ಟೆ.

"ಮೂರನೇ ಸಲ ಮಾಡೋವಾಗ ನನಗೆ ಗೊತ್ತಿತ್ತು," ಎಂದೆ.

ನಗು ನಿಂತಿತು. ಕೋಲನ್ನು ಕಂಕುಳಲ್ಲಿ ಸರಿಯಾಗಿ ಇಟ್ಟುಕೊಂಡರು. ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ಹೂಂ," ಎಂದರು. ಅಷ್ಟೇ. ಆಮೇಲೆ ಫೋನಿನತ್ತ ತಿರುಗಿ, "ಕೆಲಸ ಮಾಡುತ್ತಾ ನೋಡು ಮತ್ತೆ. ಈ ಸಲ ನೋಡ್ಕೊಂಡು ಹೋಗು."

ಪರೀಕ್ಷೆಗೆ ನಾವು ಸಹಾಯ ಕೇಂದ್ರಕ್ಕೇ ಕರೆ ಮಾಡುತ್ತೇವೆ. ಮಾಡಿದೆ. ಓರ್ವಿಲ್‌ಗೂ ಕೇಳಲೆಂದು ಸ್ಪೀಕರ್ ಒತ್ತಿದೆ. ನೂರಹತ್ತು ಕಿಲೋಮೀಟರ್ ಆಚೆ, ಪುಟ್ಟ ಕೊಕ್ಕೆಗಳ ಕೋಣೆಯಲ್ಲಿ ನನ್ನ ಮೇಜಿನ ಫೋನ್ ರಿಂಗಾಯಿತು. ಆರು ಸಲ. ಆಮೇಲೆ ಒಂದು ದನಿ, ನಗುತ್ತಾ: "ಹಲೋ, ಸಹಾಯ ಕೇಂದ್ರ. ನಾನು ಐಲಾ. ನಿಮ್ಮ ಹೆಸರು, ನಂಬರ್ ತಿಳಿಸಿ. ತಪ್ಪದೆ ಕರೆ ಮಾಡುತ್ತೇವೆ."

"ಅಲ್ಲಿ ಯಾರೂ ಇಲ್ವಾ?" ಎಂದರು ಓರ್ವಿಲ್.

"ಇಲ್ಲ. ನಾನು ಇಲ್ಲಿದೀನಲ್ಲ."

ನಾನು ಲ್ಯಾಪ್‌ಟಾಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತೆರೆದೆ. ಹೊಸ ಟಿಕೆಟ್ ಸಿದ್ಧವಿತ್ತು. ಅದನ್ನು ಬಿಟ್ಟು ಹಳೆಯದನ್ನು ಹುಡುಕಿ ತೆರೆದೆ. ಕಾರಣ ಎಂಬ ಖಾಲಿ ಪೆಟ್ಟಿಗೆ ಬಂತು. "ಫೋನ್ ಸತ್ತಿದೆ ಎಂಬ ದೂರಿಗೆ ಅದೇ ಫೋನಿಗೆ ಮೂರು ಸಲ ಕರೆ ಮಾಡಿದೆ. ಮೂರನೆಯ ಸಲ ಇದು ತಿಳಿದಿತ್ತು. ತಿಳಿದೂ ಮುಚ್ಚಿದೆ. ಐಲಾ ಕೋಸ್ಕಿ," ಎಂದು ಬರೆದೆ. ಧೈರ್ಯದಿಂದ ಬರೆದೆ ಎನ್ನಲಾರೆ. ಆ ಕಾರಿಡಾರಿನಲ್ಲಿ ನಿಂತು ಬೇರೇನೂ ಬರೆಯಲು ಆಗುತ್ತಿರಲಿಲ್ಲ. ವ್ಯಾನ್‌ನಲ್ಲಿ ಕೂತಿದ್ದರೆ ಬಹುಶಃ ಆಗುತ್ತಿತ್ತು. ಅದಕ್ಕೇ ಅಲ್ಲೇ ಒತ್ತಿಬಿಟ್ಟೆ.

ಹೊರಡುವಾಗ ಓರ್ವಿಲ್ ಬಾಗಿಲವರೆಗೆ ಬಂದರು. ಕೈ ಕೊಡಲಿಲ್ಲ. "ಏನಾದ್ರೂ ಬೇಕಿದ್ರೆ ಈ ನಂಬರ್‌ಗೆ ಮಾಡು," ಎಂದರು. "ಈಗ ಕೆಲಸ ಮಾಡುತ್ತಲ್ಲ." ತಮಾಷೆಗೆ ಹೇಳಿದರೋ ಚುಚ್ಚಲು ಹೇಳಿದರೋ ಗೊತ್ತಾಗಲಿಲ್ಲ.

ಮರುದಿನ ಡ್ವೇನ್ ಮತ್ತೆ ನಡೆದು ಬಂದರು. ಈ ಸಲ ಕೂರಲಿಲ್ಲ.

"ಮುಟ್ಟಬೇಡ ಅಂದಿದ್ದೆ."

"ಹೌದು."

"ನಿನಗೇನು ಸಿಕ್ತು ಅದರಿಂದ? ಆ ಮನುಷ್ಯನ ಕಾಲು ಕೂಡ್ಕೊಳ್ತಾ?"

"ಇಲ್ಲ."

"ಇನ್ನು ನನ್ನ ಕೈಲಿ ಏನೂ ಇಲ್ಲ ಐಲಾ. ಹತ್ತು ಜನ ಓದಿದಾರೆ." ಅವರು ಮೇಸನ್‌ನ ಕೊಕ್ಕೆಯನ್ನೂ ಅದರಡಿ ನೆಲಕ್ಕೆ ತಾಗಿದ್ದ ನನ್ನ ಕೋಟನ್ನೂ ನೋಡಿದರು. "ಇಷ್ಟು ದಿನ ಇದನ್ನ ಇಲ್ಲೇ ಹಾಕ್ತಿದ್ಯಾ? ನನ್ನ ಕೋಣೇಲಿ ದೊಡ್ಡ ಸ್ಟ್ಯಾಂಡ್ ಇತ್ತಲ್ಲ."

ಪತ್ರ ಗುರ್ಲೀನ್‌ಗೆ ಬಂತು. ನಿಯಮವನ್ನೂ ಬದಲಾಯಿಸಿದರು: ಫೋನಿನ ದೂರಿದ್ದರೆ ಎರಡು ಕರೆ, ಒಂದು ಮೇಲ್. ಕೊನೆಯ ದಿನ ಹನ್ನೆರಡಕ್ಕೆ ಅವಳು ಬರೆದಳು, "ಊಟ ಆಯ್ತಾ?" "ಇಲ್ಲ," ಎಂದು ಬರೆದೆ. ಅವಳು ಏನೋ ಟೈಪ್ ಮಾಡುತ್ತಿರುವುದು ಕಾಣಿಸಿತು. ಬಹಳ ಹೊತ್ತು ಮಾಡಿದಳು. ಏನೂ ಬರಲಿಲ್ಲ. ಎರಡು ಗಂಟೆಗೆ ನನ್ನ ಖಾತೆ ಮುಚ್ಚಿದರು, ಅವಳ ಹಸಿರು ಚುಕ್ಕೆ ಆರಿತು.

ಸೆಪ್ಟೆಂಬರ್‌ನಲ್ಲಿ ಮೋಟೆಲ್‌ಗೆ ಹೋದೆ. ಬಿಡುವಾದಾಗಲೆಲ್ಲ ಅರ್ಜಿ ಹಾಕಿದೆ. ನವೆಂಬರ್‌ನಲ್ಲಿ ಹನ್ನೊಂದನೆಯ ನಂಬರ್ ಕೋಣೆಯ ಹಾಸಿಗೆ ಕೊಡವುತ್ತಿದ್ದಾಗ ಫೋನ್ ಬಂತು. ದೂರದ ಊರಿನ ಆಸ್ಪತ್ರೆ. ಅವರ ಸಹಾಯ ಕೇಂದ್ರದಲ್ಲಿ ಆರು ತಿಂಗಳ ಇಂಟರ್ನ್ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ. ಮಾತಾಡಿದವಳ ಹೆಸರು ಮೋನೀಕ್.

"ಐಲಾ ಅವರಾ? ಒಂದು ತಮಾಷೆ ಆಯ್ತು. ನಿಮ್ಮ ಬಗ್ಗೆ ವಿಚಾರಿಸೋಣ ಅಂತ ನೀವು ಕೊಟ್ಟ ಸ್ಕೂಲ್ ಬೋರ್ಡ್ ನಂಬರ್‌ಗೆ ಮಾಡಿದ್ವಿ. ನೀವೇ ಎತ್ತಿದ್ರಿ!"

"ಅದು ರೆಕಾರ್ಡಿಂಗ್. ಇನ್ನೂ ಬದಲಾಯಿಸಿಲ್ಲ ಅನ್ಸುತ್ತೆ."

"ಹಲೋ ಐಲಾ ಅಂತ ಎರಡು ಸಲ ಅಂದೆ ನಾನು, ಆಮೇಲೆ ಗೊತ್ತಾಯ್ತು ನೋಡಿ. ಒಳ್ಳೆ ದನಿ ನಿಮ್ದು, ನಗ್ತಾ ಮಾತಾಡ್ತೀರ." ಕಾಗದ ತಿರುವಿದ ಸದ್ದು. "ನಿನ್ನೆ ಮಾಡಿದ್ವಿ, ಇವತ್ತು ಮಾಡಿದ್ವಿ. ನಾಳೆ ಇನ್ನೊಂದ್ಸಲ ಮಾಡ್ತೀವಿ. ಸಿಗದಿದ್ರೆ ಮುಂದಿನವರನ್ನ ನೋಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ."

ಶಿಶುವಿಹಾರದ ಆ ಕೋಣೆಯಲ್ಲಿ ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಡ್ವೇನ್ ಎತ್ತುವವರಲ್ಲ. ಗುರ್ಲೀನ್ ಇನ್ನೂರು ಕಿಲೋಮೀಟರ್ ಆಚೆ. ಕರೆ ಮಾಡಿದವರಿಗೆಲ್ಲ ನಾನೇ ಅಲ್ಲಿ ನಗುತ್ತಿದ್ದೆ.

"ಬೇರೆ ನಂಬರ್ ಕೊಡ್ಲಾ?"

"ಕೊಡಿ. ಯಾರು, ನಿಮ್ಮ ಮೇಲಿನವರಾ?"

"ಅಲ್ಲ. ಲೂನ್ ರಿವರ್ ಶಾಲೆ ಕಟ್ಟಡ ನೋಡ್ಕೊಳ್ಳೋರು. ಓರ್ವಿಲ್ ಬೂಶೇ. ಅವರ ಫೋನ್ ನಾನು ಸರಿ ಮಾಡಿದ್ದೆ."

"ಹೌದಾ. ನಿಮ್ಮ ಕೆಲಸದ ಬಗ್ಗೆ ಅವರಿಗೆ ಗೊತ್ತಾ?"

"ಚೆನ್ನಾಗಿ ಗೊತ್ತು."

ಓರ್ವಿಲ್ ಏನು ಹೇಳುತ್ತಾರೋ ನನಗೆ ಗೊತ್ತಿರಲಿಲ್ಲ. ನಂಬರನ್ನು ನಿಧಾನವಾಗಿ ಹೇಳಿದೆ. ಮೋನೀಕ್ ಬರೆದುಕೊಂಡಳು.

"ಇನ್ನೊಂದು ಮಾತು," ಎಂದೆ. "ಅವರು ಕೋಲೂರಿಕೊಂಡು ಬರ್ಬೇಕು, ಕಾರಿಡಾರು ಉದ್ದ ಇದೆ. ಆರು ರಿಂಗ್‌ಗೆ ಇಟ್ಟುಬಿಡ್ಬೇಡಿ. ಇನ್ನಷ್ಟು ಹೊತ್ತು ಹೊಡ್ಕೊಳ್ಲಿ."